ನನ್ನ ಪಾಲಿಗೆ ಬಂದ ಮೂರನೆಯ ದನಿ

ನನಗೆ ಹಾಡಲು ಬರುತ್ತದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆಯಾಗಿ ಹೇಳುತ್ತಿದ್ದೇನೆ. ಹಾಡಲು ಬಾರದವರು ಪುಣ್ಯವಂತರು, ಅವರನ್ನು ಯಾರೂ ನಾಮಕರಣದ ಮನೆಯಲ್ಲಿ ಎಬ್ಬಿಸಿ ನಿಲ್ಲಿಸಿ "ಒಂದು ದೇವರನಾಮ ಹೇಳಿಬಿಡಿ" ಎಂದು ಪೀಡಿಸುವುದಿಲ್ಲ. ಪೂರ್ತಿ ಬರುವವರಿಗೂ ತೊಂದರೆಯಿಲ್ಲ, ಅವರು ಕಚೇರಿ ಮಾಡಿ ಶಾಲು ಹೊದಿಸಿಕೊಂಡು ಹಾಯಾಗಿರುತ್ತಾರೆ. ಕಷ್ಟವೆಲ್ಲ ನನ್ನಂಥ ಸುಮಾರಾಗಿ ಬರುವವರದ್ದು. ಶ್ರುತಿ ತಪ್ಪುವುದಿಲ್ಲ, ದನಿ ಒಡೆಯುವುದಿಲ್ಲ, ಹಾಗಾಗಿ ಕೇಳಿದವರಿಗೆ ಇವನಿಂದ ಇನ್ನೂ ಏನೋ ಬಂದೀತು ಎಂಬ ಆಸೆ ಹುಟ್ಟುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ಬಂಡವಾಳ ಬಯಲು. ನಾನು ಆ ಒಂದು ಹೆಜ್ಜೆಯನ್ನು ಇಟ್ಟೆ, ಅದೂ ಎಲ್ಲಿ, ಟೋಕಿಯೋದಲ್ಲಿ, ಅದೂ ಯಾರ ಹಾಡಿಗೆ, ಅರವತ್ತರ ದಶಕದ ಒಂದು ಅಮೆರಿಕನ್ ರಾಕ್ ತಂಡದ ಹಾಡಿಗೆ. ಆ ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಮೊಬೈಲ್ ತೆಗೆದು ಹುಡುಕಿ ಕೇಳುತ್ತೀರಿ, ಇಷ್ಟು ಚೆಂದದ್ದನ್ನು ಈ ಪುಣ್ಯಾತ್ಮ ಹಾಳು ಮಾಡಿದನೇ ಎಂದು ನನಗೆ ಶಾಪ ಹಾಕುತ್ತೀರಿ. ಶಾಪಕ್ಕೆ ಇನ್ನು ನನ್ನ ಮೈಮೇಲೆ ಜಾಗವಿಲ್ಲ.

ಆದದ್ದು ಇಷ್ಟು. ಟೋಕಿಯೋದ ಟೊಯೋಸುವಿನಲ್ಲಿ ನಮ್ಮ ಕಂಪನಿಯ ಗ್ರಾಹಕರ ಕಚೇರಿ ಇಪ್ಪತ್ತೆರಡನೆಯ ಮಹಡಿಯಲ್ಲಿದೆ. ಕೊರೋನಾಕ್ಕೆ ಎರಡು ವರ್ಷ ಮೊದಲು, ಒಂದು ಶುಕ್ರವಾರ, ಲಿಫ್ಟಿನಲ್ಲಿ ನಾನೊಬ್ಬನೇ ಎಂದುಕೊಂಡು ಬೆಳಗ್ಗೆಯಿಂದ ನಾಲಿಗೆಗೆ ಅಂಟಿಕೊಂಡಿದ್ದ ದೇವರನಾಮವೊಂದನ್ನು ಗುನುಗುತ್ತಾ ಇಳಿಯುತ್ತಿದ್ದೆ. ಹಿಂದಿನ ಮೂಲೆಯಲ್ಲಿ ಹಿರಾತಾ-ಸಾನ್ ನಿಂತಿದ್ದರು. ಸಾನ್ ಎಂದರೆ ಅಲ್ಲಿ ಹೆಸರಿಗೆ ಅಂಟಿಸುವ ಮರ್ಯಾದೆ. ಜಪಾನೀಯರು ಲಿಫ್ಟಿನಲ್ಲಿ ಎಷ್ಟು ಸದ್ದಿಲ್ಲದೆ ನಿಲ್ಲುತ್ತಾರೆಂದರೆ ಅವರಿದ್ದಾರೆಂದು ತಿಳಿಯುವುದು ಅವರು ಇಳಿದು ಹೋದ ಮೇಲೆಯೇ. ಹಿರಾತಾ-ಸಾನ್ ಗ್ರಾಹಕರ ಕಂಪನಿಯಿಂದ ನಿವೃತ್ತರಾಗಿ, ಅಲ್ಲಿಯೇ ಸಲಹೆಗಾರರಾಗಿ ವಾರಕ್ಕೆರಡು ದಿನ ಬರುತ್ತಿದ್ದ, ಎಪ್ಪತ್ತರ ಹತ್ತಿರದ ಮನುಷ್ಯ. ಕೆಳಗೆ ಬಾಗಿಲು ತೆರೆದಾಗ ಅವರು ಬಾಗಿ, "ಪುರಸನ್ನ-ಸಾನ್, ತಮ್ಮ ದನಿ ಬಹಳ ಹಿತವಾಗಿದೆ. ನಮ್ಮಲ್ಲಿ ಒಂದು ದನಿ ಖಾಲಿ ಇದೆ" ಎಂದರು. ನನ್ನ ಹೆಸರು ಪ್ರಸನ್ನ. ಅದು ಆ ದೇಶದಲ್ಲಿ ಪುರಸನ್ನ ಆಗಿ ಹನ್ನೊಂದು ವರ್ಷವಾಗಿದೆ, ಈಗ ನನ್ನ ಹೆಂಡತಿಯೂ ಸಿಟ್ಟು ಬಂದಾಗ ಹಾಗೆಯೇ ಕರೆಯುತ್ತಾಳೆ. ಖಾಲಿ ಇದೆ ಎಂದು ಗ್ರಾಹಕರು ಹೇಳಿದರೆ ನಮ್ಮ ಕಸುಬಿನವರು ಮೊದಲು "ಹಾಯ್" ಎನ್ನುತ್ತೇವೆ, ಏನು ಖಾಲಿ ಇದೆ ಎಂದು ಆಮೇಲೆ ವಿಚಾರಿಸುತ್ತೇವೆ. ನಾನೂ "ಹಾಯ್" ಎಂದೆ. ಹಾಯ್ ಎಂದರೆ ಅಲ್ಲಿ ಹೂಂ ಎಂದರ್ಥ.

ಖಾಲಿ ಇದ್ದದ್ದು ಮೂರನೆಯ ದನಿ. ಹಿರಾತಾ-ಸಾನ್, ಕುರೋದಾ-ಸಾನ್, ಮಿಯಾಶಿತಾ-ಸಾನ್, ಜೊತೆಗೆ ಆಗಲೇ ತೀರಿಕೊಂಡಿದ್ದ ಓತಾ-ಸಾನ್, ಈ ನಾಲ್ವರೂ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಅಮೆರಿಕನ್ ಸೈನಿಕರಿಗಾಗಿ ನಡೆಯುತ್ತಿದ್ದ ರೇಡಿಯೋದಲ್ಲಿ ಆ ತಂಡದ ಹಾಡು ಕೇಳಿ ನಾಲ್ವರಿಗೂ ಹುಚ್ಚು ಹಿಡಿಯಿತಂತೆ. ನಾಲ್ಕು ಗಂಡಸರು ನಾಲ್ಕು ಬೇರೆ ಬೇರೆ ಧಾಟಿಯಲ್ಲಿ ಹಾಡುತ್ತಾರೆ, ಕೇಳುವವರಿಗೆ ಮಾತ್ರ ಒಂದೇ ದೊಡ್ಡ ದನಿ, ಅದೇ ಆ ತಂಡದ ವಿದ್ಯೆ. ಇವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕೇಳಿಸಿದ ಸದ್ದನ್ನು ಜಪಾನೀ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರು. "ಅರ್ಥ ಗೊತ್ತಾಗಿದ್ದು ಹತ್ತು ವರ್ಷ ಆದ ಮೇಲೆ. ಗೊತ್ತಾದ ಮೇಲೆ ಸ್ವಲ್ಪ ನಿರಾಸೆ ಆಯ್ತು" ಎಂದು ಮಿಯಾಶಿತಾ-ಸಾನ್ ಹೇಳಿದ್ದರು. ಆ ಅಮೆರಿಕನ್ನರು ಕೆಲವೇ ವರ್ಷಗಳಲ್ಲಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡು, ಕಿತ್ತಾಡಿಕೊಂಡು, ಮುಖ ನೋಡದ ಸ್ಥಿತಿಗೆ ಬಂದರಂತೆ. ಇವರು ನಾಲ್ವರು ಐವತ್ತು ವರ್ಷ ಒಟ್ಟಿಗೆ ಹಾಡಿದರು. ಏಕೆಂದರೆ ಇವರು ಒಬ್ಬರಿಗೊಬ್ಬರು ಏನನ್ನೂ ಹೇಳಲಿಲ್ಲ. ಆ ತಂಡದ ಆಸ್ತಿಗೆ ನಿಜವಾದ ವಾರಸುದಾರರು ಎಲ್ಲಿದ್ದಾರೆಂದು ಯಾರಾದರೂ ಕೇಳಿದರೆ ನಿಶಿ-ಕಸಾಯ್ ಸ್ಟೇಷನ್ ಪಕ್ಕದಲ್ಲಿ ನಾವು ಬಾಡಿಗೆ ಕೋಣೆ ಹಿಡಿದು ಹಾಡುತ್ತಿದ್ದ ಕರಾಓಕೆ ಅಂಗಡಿಯ ಮೂರನೆಯ ಮಹಡಿ ಎಂದು ನಾನು ವಿಳಾಸ ಕೊಟ್ಟೇನು.

ಆ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಹೇಗಿತ್ತು ಎಂದರೆ, ಮೊದಲನೆಯ ದನಿ ಕುರೋದಾ-ಸಾನ್ ಅವರದ್ದು, ಅದೇ ಹಾಡಿನ ಮುಖ್ಯ ಧಾಟಿ, ಕೇಳಿದರೆ ಕಣ್ಣು ತುಂಬುತ್ತದೆ. ಎರಡನೆಯದು ಹಿರಾತಾ-ಸಾನ್ ಅವರದ್ದು, ಮೇಲೆ ತೇಲುತ್ತದೆ. ನಾಲ್ಕನೆಯದು ಮಿಯಾಶಿತಾ-ಸಾನ್ ಅವರದ್ದು, ಕೆಳಗೆ ಗುಡುಗುತ್ತದೆ. ಮೂರನೆಯದು ಇದೆಯಲ್ಲ, ಅದು ಒಂದೇ ಸ್ವರ. ಹನ್ನೊಂದು ಸಲ ಅದೇ ಸ್ವರ, ಹನ್ನೆರಡನೆಯ ಸಲ ಒಂದು ಕೂದಲೆಳೆಯಷ್ಟು ಕೆಳಕ್ಕೆ, ಮತ್ತೆ ವಾಪಸು ಅದೇ ಸ್ವರ. ನಾನು ಮನೆಯಲ್ಲಿ ಅದನ್ನು ಅಭ್ಯಾಸ ಮಾಡುವಾಗ ಅಡುಗೆಮನೆಯಿಂದ ಸುಮಾ, "ರೀ, ಮಿಕ್ಸಿ ನಿಲ್ಲಿಸೋಕೆ ಮರೆತ್ನಾ ಅಂತ ಓಡಿಬಂದೆ" ಎಂದಳು. ಹೆಂಡತಿಯ ವಿಮರ್ಶೆ ಅಲ್ಲಿಗೆ ಮುಗಿಯಿತು, ಮುಂದೆ ಅವಳು ಆ ಬಗ್ಗೆ ಮಾತಾಡಲಿಲ್ಲ. ಮಗಳು ಅನಘಾ ಆಗ ಮಿಡ್ಲ್ ಸ್ಕೂಲಿನಲ್ಲಿದ್ದಳು, ಜಪಾನೀ ಶಾಲೆ. ಅಲ್ಲಿ ಪ್ರತಿ ತರಗತಿಗೂ ಮೇಳಗಾಯನದ ಸ್ಪರ್ಧೆ, ಪ್ರತಿ ಮಗುವಿಗೂ ಒಂದು ದನಿ ಹಂಚಿಕೆ. ಅವಳದ್ದು ಆಲ್ಟೋ, ಅಂದರೆ ನನ್ನ ಹಾಗೇ ನಡುವಿನ ಬಡಪಾಯಿ ದನಿ. ಅವಳು ಅದನ್ನು ಊಟ ಮಾಡುತ್ತಾ ಹಾಡುತ್ತಿದ್ದಳು, ಶೂ ಲೇಸ್ ಕಟ್ಟುತ್ತಾ ಹಾಡುತ್ತಿದ್ದಳು, ಒಂದು ದಿನವೂ ತಪ್ಪಿದವಳಲ್ಲ. ನನಗೆ ಮಾತ್ರ ಬರಲೇ ಇಲ್ಲ.

ಬರಲಿಲ್ಲ ಎಂದರೆ ಸ್ವರ ಬರಲಿಲ್ಲ ಎಂದಲ್ಲ. ಒಬ್ಬನೇ ಇದ್ದಾಗ ಬರುತ್ತಿತ್ತು. ಪಕ್ಕದಲ್ಲಿ ಕುರೋದಾ-ಸಾನ್ ಮುಖ್ಯ ಧಾಟಿಯನ್ನು ಎತ್ತಿಕೊಂಡರೆ ಮುಗಿಯಿತು, ಮೂರನೆಯ ಸಾಲಿನ ಹೊತ್ತಿಗೆ ನಾನು ಅವರ ಧಾಟಿಯಲ್ಲಿ ಇರುತ್ತಿದ್ದೆ. ಯಾವಾಗ ಹೋದೆ, ಯಾವ ದಾರಿಯಲ್ಲಿ ಹೋದೆ, ನನಗೇ ತಿಳಿಯುತ್ತಿರಲಿಲ್ಲ. ಇದಕ್ಕೆ ನಾನು ಮೈಸೂರನ್ನು ದೂರುತ್ತೇನೆ. ನಮ್ಮ ಬಡಾವಣೆಯ ಗಣಪತಿ ಗುಡಿಯಲ್ಲಿ ಶನಿವಾರದ ಭಜನೆಗೆ ಗುಂಡಣ್ಣ ಮಾಮ ಎಂಬವರೊಬ್ಬರು ಮುಖ್ಯಸ್ಥರು. ಅವರ ಕಿವಿ ಬಹಳ ಚುರುಕು, ಕೈಯಲ್ಲಿ ತಾಳ. ನಲವತ್ತು ಜನ ಹಾಡುವಾಗ ಒಬ್ಬ ಒಂದು ಸ್ವರ ಆಚೀಚೆ ಹೋದರೂ ತಾಳವನ್ನು ಅವನ ಕಿವಿಯ ಹತ್ತಿರ ತಂದು ಛಣ್ ಎನ್ನಿಸುತ್ತಿದ್ದರು. "ಎಲ್ಲಾ ಒಂದೇ ದಾರೀಲಿ ನಡೀರೋ, ನಿಮ್ಮ ನಿಮ್ಮ ಗಲ್ಲಿಗೆ ನುಗ್ಗಬೇಡಿ" ಎನ್ನುತ್ತಿದ್ದರು. ಹೀಗೆ ಹದಿನೈದು ವರ್ಷ ಛಣ್ ಎನ್ನಿಸಿಕೊಂಡು ಬೆಳೆದ ಕಿವಿ ನನ್ನದು. ನಮ್ಮಲ್ಲಿ ಒಬ್ಬ ಹಾಡಿದರೆ ಉಳಿದವರು ಅವನ ಜೊತೆಗೂಡುವುದೇ ಮರ್ಯಾದೆ. ಪಕ್ಕದವನು ಒಂದು ಹಾಡುತ್ತಿರುವಾಗ ನಾನು ಬೇಕೆಂದೇ ಇನ್ನೊಂದು ಹಾಡುವುದು, ಅದೂ ಅವನ ಮುಖ ನೋಡಿ ನಗುತ್ತಾ, ನನಗೆ ಜಗಳ ಕಾಯುವ ಹಾಗೆ ಅನ್ನಿಸುತ್ತಿತ್ತು. ಸಾಲದ್ದಕ್ಕೆ ಆ ಹನ್ನೊಂದು ಒಣ ಸ್ವರಗಳಿಗೆ ಅಲ್ಲಲ್ಲಿ ಸ್ವಲ್ಪ ಗಮಕವೂ ಸೇರಿಕೊಳ್ಳುತ್ತಿತ್ತು. ಹಿರಾತಾ-ಸಾನ್ ಹಾಡು ಮುಗಿದ ಮೇಲೆ ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು "ಪುರಸನ್ನ-ಸಾನ್, ಕುತೂಹಲಕರವಾಗಿದೆ" ಎನ್ನುತ್ತಿದ್ದರು. ಅದು ಹೊಗಳಿಕೆ ಎಂದು ನಾನು ಒಂದು ವರ್ಷ ನಂಬಿದ್ದೆ.

ಕುರೋದಾ-ಸಾನ್ ಮಾತ್ರ ಏನೂ ಅನ್ನುತ್ತಿರಲಿಲ್ಲ. ಸಣಕಲು ಮನುಷ್ಯ, ನಿವೃತ್ತ ಪೋಸ್ಟ್ ಮಾಸ್ಟರ್. ನಾನು ಅವರ ಧಾಟಿಗೆ ಬಂದು ಸೇರಿಕೊಂಡ ಕೂಡಲೇ ನನ್ನತ್ತ ತಿರುಗಿ, ಕಣ್ಣು ಸಣ್ಣ ಮಾಡಿ ನಕ್ಕು, ತಮ್ಮ ದನಿಯನ್ನು ಸ್ವಲ್ಪ ಇಳಿಸುತ್ತಿದ್ದರು, ಬಸ್ಸಿನ ಸೀಟಿನಲ್ಲಿ ಆಚೆ ಸರಿದು ಜಾಗ ಕೊಡುವವರಂತೆ. ಚಳಿಗಾಲದಲ್ಲಿ ಅನಘಾಗೆಂದು ಚೀಲದಲ್ಲಿ ಕಿತ್ತಳೆ ತರುತ್ತಿದ್ದರು. ನನಗೆ ಅವರೆಂದರೆ ಪ್ರಾಣ. ಆ ಕೋಣೆಗೆ ನಾನು ಗ್ರಾಹಕರ ಹೆದರಿಕೆಯಿಂದ ಹೋಗಲು ಶುರು ಮಾಡಿದ್ದು ನಿಜ, ಮುಂದುವರಿಸಿದ್ದು ಕುರೋದಾ-ಸಾನ್ ಅವರಿಂದ.

ಆಮೇಲೆ ಕೊರೋನಾ ಬಂತು. ಜಗತ್ತಿನಲ್ಲಿ ಮನುಷ್ಯ ಮಾಡಬಾರದ ಕೆಲಸಗಳ ಪಟ್ಟಿ ಹೊರಟಿತು, ನೋಡಿದರೆ ಅದರಲ್ಲಿ ಹಾಡುವುದು ಮೇಲಿನ ಸಾಲಿನಲ್ಲಿತ್ತು. ಮುಚ್ಚಿದ ಕೋಣೆ, ಹತ್ತಿರ ನಿಂತವರು, ಬಾಯಿ ತೆರೆಯುವುದು, ಈ ಮೂರೂ ಕೂಡದು ಎಂದರು. ಈ ಮೂರನ್ನೂ ಬಿಟ್ಟರೆ ಕರಾಓಕೆಯಲ್ಲಿ ಉಳಿಯುವುದು ಬಿಲ್ಲು ಒಂದೇ. ಅಂಗಡಿಗೆ ಬಾಗಿಲು ಬಿತ್ತು. ಅನಘಾಳ ಮೇಳಗಾಯನ ಸ್ಪರ್ಧೆ ರದ್ದಾಯಿತು, ಅವಳು ಒಂದು ವಾರ ನಮ್ಮೊಡನೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಊರಿಗೆ ವಿಮಾನವಿಲ್ಲ. ಸರ್ಕಾರದವರು ಮನೆಗೆ ಎರಡು ಬಟ್ಟೆ ಮಾಸ್ಕ್ ಅಂಚೆಯಲ್ಲಿ ಕಳಿಸಿದರು, ನಾವಿದ್ದದ್ದು ಮೂರು ಜನ. ಎರಡು ಕೋಣೆಯ ಮನೆಯಲ್ಲಿ ನನ್ನ ಮೀಟಿಂಗು, ಅನಘಾಳ ಕ್ಲಾಸು, ಸುಮಾಳ ಸಂಕಟ, ಮೂರೂ ಒಂದೇ ಮೇಜಿನ ಮೇಲೆ. ಹಿರಾತಾ-ಸಾನ್ ಆನ್‌ಲೈನಿನಲ್ಲಿ ಹಾಡೋಣ ಎಂದರು. ಹಾಡಿದೆವು. ಅವರವರ ದನಿ ಅವರವರಿಗೆ ತೋಚಿದಾಗ ಬಂದು ತಲುಪುತ್ತಿತ್ತು. ಮಿಯಾಶಿತಾ-ಸಾನ್ ಅವರ ಗುಡುಗು ಹಾಡು ಮುಗಿದ ಮೇಲೆ ಕೇಳಿಸಿತು. ಆಮೇಲೆ ನಾಲ್ವರೂ ಒಟ್ಟಿಗೆ "ಸುಮಿಮಾಸೆನ್", ಕ್ಷಮಿಸಿ, ಎಂದೆವು. ಆ ದಿನ ನಾಲ್ಕು ದನಿ ಕೂಡಿದ್ದು ಅಲ್ಲೊಂದೇ ಕಡೆ.

ಏಪ್ರಿಲಿನಲ್ಲಿ ಕುರೋದಾ-ಸಾನ್ ಆಸ್ಪತ್ರೆ ಸೇರಿದರು. ಕೊರೋನಾ ಅಲ್ಲ, ಶ್ವಾಸಕೋಶದ ಹಳೆಯ ಕಾಯಿಲೆ. ಆದರೆ ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅವರ ಹೆಂಡತಿ ಒಗೆದ ಬಟ್ಟೆಯನ್ನು ಕೌಂಟರಿನಲ್ಲಿ ಕೊಟ್ಟು, ಕೊಳೆಯಾದದ್ದನ್ನು ತೆಗೆದುಕೊಂಡು ವಾಪಸು ಬರುತ್ತಿದ್ದರು, ಅಷ್ಟೇ ಸಂಸಾರ. ವೈದ್ಯರು ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕ ಹೇಳಿದ್ದಾರೆಂದು ಹಿರಾತಾ-ಸಾನ್ ಫೋನಿನಲ್ಲಿ ತಿಳಿಸಿದರು. ಕುರೋದಾ-ಸಾನ್ ಒಂದೇ ಒಂದು ಕೇಳಿದ್ದಾರಂತೆ. ನಾಲ್ಕೂ ದನಿ ಸೇರಿದ ಆ ಹಾಡನ್ನು ಒಮ್ಮೆ ಕೇಳಬೇಕು. ಅವರ ಮುಖ್ಯ ಧಾಟಿ ಫೆಬ್ರುವರಿಯ ಅಭ್ಯಾಸದಲ್ಲಿ ಅವರೊಬ್ಬರೇ ಹಾಡಿದ್ದು ಹಿರಾತಾ-ಸಾನ್ ಅವರ ಫೋನಿನಲ್ಲಿ ಇತ್ತು. ಉಳಿದ ಮೂವರು ಮನೆಯಲ್ಲೇ ಇಯರ್‌ಫೋನಿನಲ್ಲಿ ಅದನ್ನು ಕೇಳುತ್ತಾ ನಮ್ಮ ನಮ್ಮ ದನಿ ರೆಕಾರ್ಡ್ ಮಾಡಿ ಕಳಿಸಬೇಕು, ಹಿರಾತಾ-ಸಾನ್ ಎಲ್ಲ ಸೇರಿಸುತ್ತಾರೆ, ನರ್ಸ್ ಹಾಸಿಗೆಯ ಪಕ್ಕ ಟ್ಯಾಬ್ಲೆಟ್ ಹಿಡಿದು ಕೇಳಿಸುತ್ತಾರೆ. "ಮೂರು ವಾರದೊಳಗೆ ಆದರೆ ಒಳ್ಳೆಯದು" ಎಂದರು ಹಿರಾತಾ-ಸಾನ್. ನನಗೆ ಸಹಾಯವಾಗಲೆಂದು ಮೂರನೆಯ ದನಿಯನ್ನು ತಾವೇ ಹಾಡಿ, ಮಾದರಿಯಾಗಿ ಕಳಿಸಿಕೊಟ್ಟರು. ನಾನು "ಹಾಯ್" ಎಂದೆ.

ಮನೆಯಲ್ಲಿ ಹಾಡಲು ಜಾಗವಿರಲಿಲ್ಲ. ಬಾಲ್ಕನಿಯಲ್ಲಿ ಒಂದು ಸಂಜೆ ಹಾಡಿದೆ. ಮರುದಿನ ಕೆಳಗಿನ ನೋಟೀಸ್ ಬೋರ್ಡಿನಲ್ಲಿ, ಯಾರ ಹೆಸರನ್ನೂ ಹೇಳದೆ, ಎಲ್ಲರೂ ಕಷ್ಟದಲ್ಲಿರುವ ಈ ದಿನಗಳಲ್ಲಿ ಯಾರಿಗಾದರೂ ಮೈಗೆ ಹುಷಾರಿಲ್ಲದೆ ನರಳುವಂತಾಗಿದ್ದರೆ ದಯವಿಟ್ಟು ಸಂಕೋಚಪಡದೆ ಕಟ್ಟಡದ ಮೇಲ್ವಿಚಾರಕರಿಗೆ ತಿಳಿಸಿ ಎಂದು ಬರೆದಿತ್ತು. ಆ ಕಟ್ಟಡದಲ್ಲಿ ನರಳುವವನು ನಾನೊಬ್ಬನೇ. ಅಂದಿನಿಂದ ಗೋಡೆಯ ಕಪಾಟಿಗೆ ಹೋದೆ. ಜಪಾನೀ ಮನೆಗಳಲ್ಲಿ ಹಗಲು ಹಾಸಿಗೆ ಮಡಚಿಡಲು ದೊಡ್ಡ ಕಪಾಟು ಇರುತ್ತದಲ್ಲ, ಅದರ ಮೇಲಿನ ಅಂಕಣದಲ್ಲಿ, ಎರಡು ಹತ್ತಿ ಹಾಸಿಗೆಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಬಾಗಿಲೆಳೆದುಕೊಂಡು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದೆ. ನಲವತ್ತೈದು ವರ್ಷದ ಪ್ರಾಜೆಕ್ಟ್ ಮ್ಯಾನೇಜರ್. ಊಟದ ವಿರಾಮದಲ್ಲಿ ಒಂದಷ್ಟು, ಸಂಜೆ ಆರರಿಂದ ಏಳರವರೆಗೆ ಒಂದಷ್ಟು. ಕಪಾಟಿನಿಂದ ಇಳಿಯುವಾಗ ಅಂಗಿ ಹಿಂಡಿದರೆ ನೀರು.

ಏನು ಮಾಡಿದರೂ ಅದೇ ಹಣೆಬರಹ. ಮೊದಲ ಎರಡು ಸಾಲು ಒನಕೆಯ ಹಾಗೆ ನೆಟ್ಟಗೆ ನಿಲ್ಲುತ್ತಿದ್ದೆ. ಮೂರನೆಯ ಸಾಲಿನಲ್ಲಿ ಕುರೋದಾ-ಸಾನ್ ಒಂದು ಕಡೆ ಉಸಿರು ಸಾಲದೆ ಸ್ವಲ್ಪ ನಡುಗುತ್ತಾರೆ. ಅವರು ನಡುಗಿದ್ದು ಕಿವಿಗೆ ಬಿದ್ದ ಕೂಡಲೇ ನನ್ನ ದನಿ ನನ್ನನ್ನು ಕೇಳದೆ ಎದ್ದು ಅವರ ಕಡೆ ಹೋಗುತ್ತಿತ್ತು. ಇಯರ್‌ಫೋನ್ ಒಂದು ಕಿವಿಯಿಂದ ತೆಗೆದು ನೋಡಿದೆ. ಅವರ ದನಿಯನ್ನು ತಗ್ಗಿಸಿ ನೋಡಿದೆ. ಹಿರಾತಾ-ಸಾನ್ ಕಳಿಸಿದ ಮಾದರಿಯನ್ನು ಇಡೀ ದಿನ ಮನೆಯಲ್ಲಿ ಸ್ಪೀಕರಿನಲ್ಲಿ ಹಾಕಿ ನೋಡಿದೆ. ಸುಮಾಗೆ ಬಂತು, ಎದುರು ಮನೆಯ ಮಗುವಿಗೆ ಬಂತು, ನನಗೆ ಬರಲಿಲ್ಲ. ಒಂದು ದಿನ ಅನಘಾ ಕಪಾಟಿನ ಬಾಗಿಲು ಸರಿಸಿ, ಹಾಸಿಗೆಗಳ ನಡುವೆ ಕೂತ ಅಪ್ಪನನ್ನು ಒಂದು ನಿಮಿಷ ನೋಡಿದಳು.

"ಅಪ್ಪ, ಯು ಆರ್ ಲಿಸನಿಂಗ್ ಟೂ ಮಚ್" ಎಂದಳು.

"ಹಾಡೋವಾಗ ಕೇಳಿಸ್ಕೋಬಾರದಾ ಹಾಗಾದ್ರೆ?"

"ಕೇಳ್ಬೇಕು. ಬಟ್ ಹೋಗ್ಬಾರ್ದು. ನಮ್ ಸೆನ್ಸೇ ಹೇಳ್ತಾರೆ, ಪಕ್ಕದವ್ರು ಅಳ್ತಿದ್ರೂ ನಿಮ್ ಲೈನ್‌ನಲ್ಲೇ ಇರಿ ಅಂತ."

ಹದಿಮೂರು ವರ್ಷದ ಹುಡುಗಿಗೆ ಇದನ್ನು ಹೇಳಿಕೊಡುವ ಟೀಚರ್ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು. ಇದೆಂಥ ಪಾಠ? ಪಕ್ಕದವರು ಅಳುತ್ತಿದ್ದರೆ ಹೋಗಬೇಕಪ್ಪ! ಹಾಗೆಂದು ಬಾಗಿಲು ಎಳೆದುಕೊಂಡು ಮತ್ತೆ ಹಾಡಿದೆ, ಮತ್ತೆ ಹೋದೆ. ಮೂರು ವಾರದಲ್ಲಿ ತೊಂಬತ್ತನಾಲ್ಕು ಸಲ ರೆಕಾರ್ಡ್ ಮಾಡಿದೆ. ತೊಂಬತ್ತನಾಲ್ಕು ಸಲವೂ ಮೂರನೆಯ ಸಾಲಿನಲ್ಲಿ ಆ ಮುದುಕರ ಕೊನೆಯ ಹಾಡಿನ ಮೇಲೆ ಕಾಲಿಟ್ಟು ತುಳಿದೆ. ಅಳು ಬರುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ, ತೊಂಬತ್ತನಾಲ್ಕನೆಯ ಸಲ ನಿಜವಾಗಿ ಅತ್ತೆ, ಅದೂ ರೆಕಾರ್ಡ್ ಆಯಿತು. ಕೊನೆಗೆ ಇದ್ದುದರಲ್ಲಿ ಕಡಿಮೆ ತಪ್ಪಿದ್ದ ಒಂದನ್ನು ಆರಿಸಿ, "ನನ್ನ ಅಪೂರ್ಣ ಪ್ರಯತ್ನವನ್ನು ದಯವಿಟ್ಟು ಸ್ವೀಕರಿಸಿ" ಎಂದು ಬರೆದು ಕಳಿಸಿದೆ. ಹಿರಾತಾ-ಸಾನ್ ಅರ್ಧ ಗಂಟೆಯಲ್ಲಿ ಉತ್ತರಿಸಿದರು. "ತಮ್ಮ ಅಮೂಲ್ಯವಾದ ದನಿ ತಲುಪಿತು. ಅದನ್ನು ನಮ್ಮ ಹೃದಯದಲ್ಲಿ ಭದ್ರವಾಗಿ ಇರಿಸಿಕೊಳ್ಳುತ್ತೇವೆ" ಎಂದಿತ್ತು. ಎಷ್ಟು ದೊಡ್ಡ ಮನಸ್ಸು ಎಂದು ಸುಮಾಗೆ ಓದಿ ಹೇಳಿದೆ.

ಎರಡು ದಿನ ಬಿಟ್ಟು ಪೂರ್ತಿ ಹಾಡು ಬಂತು. ಮನೆಯ ಮೂವರೂ ಊಟದ ಮೇಜಿಗೆ ಕೂತು ಕೇಳಿದೆವು. ಅಯ್ಯೋ, ಎಂಥ ಹಾಡು ಅದು! ಕುರೋದಾ-ಸಾನ್ ನಡುಗುವ ಕಡೆ ಉಳಿದ ದನಿಗಳು ಅಲುಗದೆ ನಿಂತಿದ್ದವು. ಅವರೆಲ್ಲ ಅಲುಗದೆ ನಿಂತದ್ದರಿಂದಲೇ ಆ ನಡುಕವೂ ಚೆಂದ ಕೇಳಿಸುತ್ತಿತ್ತು. ನನಗೆ ಅಂದು ಮೊದಲ ಸಲ ಮೂರನೆಯ ದನಿ ಯಾಕಿದೆ ಎಂದು ತಿಳಿಯಿತು. ನನ್ನ ದನಿ ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಸಿಗದಷ್ಟು ಬೆರೆತುಹೋಗಿದೆ ನೋಡು, ಇದೇ ಆ ತಂಡದ ರಹಸ್ಯ, ಕೊನೆಗೂ ಸಾಧಿಸಿದೆ ಎಂದು ಸುಮಾಗೆ ಒಂದು ಸಣ್ಣ ಭಾಷಣ ಮಾಡಿದೆ. ಕಣ್ಣೂ ಒರೆಸಿಕೊಂಡೆ. ಅನಘಾ ಮಾತ್ರ ತಟ್ಟೆ ನೋಡುತ್ತಾ ಕೂತಿದ್ದಳು.

"ಅಪ್ಪ, ದಿಸ್ ಈಸ್ ನಾಟ್ ಯೂ" ಎಂದಳು ಮೆಲ್ಲಗೆ. "ಥರ್ಡ್ ವಾಯ್ಸ್ ಹಿರಾತಾ-ಸಾನ್. ಅವ್ರು ಟ್ವೈಸ್ ಇದಾರೆ."

ಹೌದು. ಅದು ಅವರು ನನಗೆ ಕಳಿಸಿದ್ದ ಮಾದರಿ. ಮೂರು ವಾರ ನಮ್ಮ ಮನೆಯ ಸ್ಪೀಕರಿನಲ್ಲಿ ಕೂಗಿದ್ದು ಅದೇ, ಮಗಳಿಗೆ ಅದರ ಉಸಿರು ಕೂಡ ಬಾಯಿಪಾಠವಾಗಿತ್ತು. ನನ್ನ ಅಮೂಲ್ಯವಾದ ದನಿಯನ್ನು ಅವರು ಹೃದಯದಲ್ಲಿ ಇರಿಸಿಕೊಂಡಿದ್ದರು, ಹಾಡಿನಲ್ಲಿ ಇರಿಸಿರಲಿಲ್ಲ. ಇಂಗು ತಿಂದ ಮಂಗನಂತಾಯಿತು ನನ್ನ ಮುಖ. ಆಮೇಲೆ ಸಿಟ್ಟು ಬಂತು. ಒಂದು ಮಾತು ಹೇಳಬಾರದಿತ್ತೇ? ಚೆನ್ನಾಗಿಲ್ಲ ಎನ್ನಲು ಬಾಯಿಗೇನು ಬಂದಿತ್ತು? ಎರಡು ವರ್ಷ "ಕುತೂಹಲಕರ, ಕುತೂಹಲಕರ" ಎಂದು ಬೆಪ್ಪನನ್ನಾಗಿ ಮಾಡಿದರಲ್ಲ! ಈಗಲೇ ಒಂದು ಖಾರವಾದ ಮೇಲ್ ಬರೆಯುತ್ತೇನೆ ಎಂದು ಲ್ಯಾಪ್‌ಟಾಪ್ ತೆಗೆದೆ.

"ಏನಂತ ಬರೀತೀರಿ?" ಎಂದಳು ಸುಮಾ. "ನನ್ನ ತಪ್ಪು ಯಾಕೆ ಸರಿ ಮಾಡಿದ್ರಿ ಅಂತಾನಾ?"

ಹತ್ತು ನಿಮಿಷ ಯೋಚಿಸಿ, "ಅದ್ಭುತವಾಗಿದೆ, ತಮ್ಮ ಶ್ರಮಕ್ಕೆ ಧನ್ಯವಾದ" ಎಂದು ಬರೆದು ಕಳಿಸಿದೆ. ಹನ್ನೊಂದು ವರ್ಷದಲ್ಲಿ ನಾನೂ ಅಲ್ಲಿಯವನೇ ಆಗಿದ್ದೆ.

ಕುರೋದಾ-ಸಾನ್ ಜೂನ್ ಕೊನೆಯಲ್ಲಿ ತೀರಿಕೊಂಡರು. ಶವಸಂಸ್ಕಾರಕ್ಕೆ ಮನೆಯವರಿಗಷ್ಟೇ ಅವಕಾಶ, ಅದೂ ಹತ್ತು ನಿಮಿಷ. ನಾವು ಮೂವರು ನಮ್ಮ ನಮ್ಮ ಮನೆಯ ಪರದೆಯಲ್ಲಿ ಮುಖ ತೋರಿಸಿಕೊಂಡು ಒಂದು ನಿಮಿಷ ಸುಮ್ಮನೆ ಕೂತೆವು. ಮಿಯಾಶಿತಾ-ಸಾನ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

ಸೆಪ್ಟೆಂಬರಿನಲ್ಲಿ ಕುರೋದಾ-ಸಾನ್ ಅವರ ಹೆಂಡತಿ ಫೋನ್ ಮಾಡಿ, ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಐದು ನಿಮಿಷ ಸಿಗಬಹುದೇ ಎಂದು ಕೇಳಿದರು. ಸತ್ತವರಿಗೆ ನಾವು ಕಳಿಸಿದ ಕಾಣಿಕೆಗೆ ಮನೆಯವರು ಮರುಕಾಣಿಕೆ ಕೊಡುವುದು ಅಲ್ಲಿಯ ಪದ್ಧತಿ. ಹೊರಡುವಾಗ ಸುಮಾಗೆ, "ಇವತ್ತು ಅವರಿಗೆ ನಿಜ ಹೇಳಿಬಿಡ್ತೀನಿ, ನನ್ನಿಂದ ಇಟ್ಕೊಳೋಕೆ ಆಗ್ತಿಲ್ಲ" ಎಂದೆ. ಪಾರ್ಕಿನಲ್ಲಿ ಬೆಂಚಿನ ಆ ತುದಿಗೆ ಅವರು, ಈ ತುದಿಗೆ ನಾನು, ನಡುವೆ ಕಾಗದದ ಕೈಚೀಲ. ಇಬ್ಬರಿಗೂ ಮಾಸ್ಕ್. ಚೀಲದಲ್ಲಿ ಚಹಾದ ಡಬ್ಬಿ ಇದೆ ಎಂದರು. ಆಮೇಲೆ ಹೇಳಿದರು. ಕುರೋದಾ-ಸಾನ್ ಕೊನೆಯ ಐದು ವಾರ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಆ ಹಾಡನ್ನು ಕೇಳುತ್ತಿದ್ದರಂತೆ. ಫೋನಿನಲ್ಲಿ ಹೆಂಡತಿಗೆ ಹೇಳಿದ್ದರಂತೆ, "ಪುರಸನ್ನ-ಸಾನ್ ಕೊನೆಗೂ ಕಲಿತರು. ಓತಾ ಬಿಟ್ಟುಹೋದ ಜಾಗ ಭದ್ರವಾಗಿದೆ, ಇನ್ನು ಚಿಂತೆಯಿಲ್ಲ" ಎಂದು.

ನಾನು ಕೈ ಜೋಡಿಸಿದೆ. "ಇಲ್ಲ, ನನಗೆ ಬರುವುದಿಲ್ಲ" ಎಂದೆ. ಅಲ್ಲಿ ಯಾರಾದರೂ ಹೊಗಳಿದರೆ "ಮಾದಾ ಮಾದಾ ದೆಸು", ಇನ್ನೂ ಏನೂ ಸಾಲದು, ಎನ್ನುವುದೇ ಶಿಷ್ಟಾಚಾರ. ಮಹಾ ಮಹಾ ಪಂಡಿತರೂ ಹಾಗೇ ಅನ್ನುತ್ತಾರೆ. ಅವರು ಬಾಗಿ, "ಹಾಗೆನ್ನಬೇಡಿ" ಎಂದರು. "ಇಲ್ಲ ಅಮ್ಮ, ನಿಜವಾಗಿಯೂ. ಅದು ನನ್ನ ದನಿಯಲ್ಲ. ಅದು ಹಿರಾತಾ-ಸಾನ್ ಅವರದ್ದು, ಎಲ್ಲ ಅವರೇ ಮಾಡಿದ್ದು" ಎಂದೆ. ಅವರು ಮಾಸ್ಕಿನ ಮೇಲೆ ಕೈಯಿಟ್ಟು ನಕ್ಕರು, ಕಣ್ಣಲ್ಲಿ ನೀರು. "ನಮ್ಮವರೂ ಹೇಳಿದ್ದರು, ಹೊಗಳಿದರೆ ಪುರಸನ್ನ-ಸಾನ್ ಒಪ್ಪುವುದೇ ಇಲ್ಲ, ಎಲ್ಲವನ್ನೂ ಹಿರಾತಾ-ಸಾನ್ ತಲೆಗೆ ಕಟ್ಟುತ್ತಾರೆ, ನೋಡುತ್ತಿರು ಎಂದು." ಮೂರನೆಯ ಸಲ ಬಾಯಿ ತೆರೆದೆ. ಅವರು ಅಷ್ಟರಲ್ಲಿ ಬೆಂಚಿನಿಂದ ಎದ್ದು ಸೊಂಟದ ತನಕ ಬಾಗಿದ್ದರು. ಬಾಗಿದವರ ತಲೆಗೆ ಯಾವ ನಿಜವನ್ನು ಹೇಳುವುದು?

ಹೊರಡುವ ಮುಂಚೆ ಅವರು ಸ್ವಲ್ಪ ತಡೆದು, "ಒಂದು ಮಾತು ಹೇಳಬಹುದೋ ಇಲ್ಲವೋ" ಎಂದರು. "ಅವರು ಇನ್ನೊಂದೂ ಹೇಳಿದ್ದರು. ಮೊದಲೆಲ್ಲ ಮೂರನೆಯ ಸಾಲಿಗೆ ಬಂದರೆ ಪುರಸನ್ನ-ಸಾನ್ ನನ್ನ ಜೊತೆಗೆ ಬಂದುಬಿಡುತ್ತಿದ್ದರು. ಈಗ ಬರುವುದಿಲ್ಲ. ಹಾಡು ಸರಿಯಾಗಿದೆ. ಆದರೆ ಅಲ್ಲಿ ಸ್ವಲ್ಪ ಒಂಟಿ ಅನ್ನಿಸುತ್ತದೆ ಎಂದು."

ಅವರು ಹೋದ ಮೇಲೂ ನಾನು ಬೆಂಚಿನ ಮೇಲೆ ಕೂತಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ತೊಂಬತ್ತನಾಲ್ಕು ಸಲ ನಾನು ಅವರ ಜೊತೆಗೆ ಹೋಗಿದ್ದೇನೆ. ಒಂದು, ಬರೀ ಒಂದನ್ನು ಅವರಿಗೆ ನೇರವಾಗಿ ಕಳಿಸಿದ್ದರೆ ಸಾಕಿತ್ತು. ಸರಿಯಾಗಿ ಹಾಡಬೇಕೆಂಬ ಹಟದಲ್ಲಿ ಆ ಯೋಚನೆಯೇ ನನಗೆ ಬರಲಿಲ್ಲ. ಬಂದಿದ್ದರೂ ನಾಚಿಕೆಯಿಂದ ಕಳಿಸುತ್ತಿರಲಿಲ್ಲ ಎನ್ನುವುದೂ ನನಗೆ ಗೊತ್ತು.

ಮನೆಗೆ ಬಂದಾಗ ಸುಮಾ ಬಾಗಿಲಲ್ಲೇ ನಿಂತಿದ್ದಳು.

"ಹೇಳಿದ್ರಾ ನಿಜಾನ?"

"ಹೇಳಿದೆ. ಎರಡು ಸಲ ಹೇಳಿದೆ."

"ಏನಂದ್ರು?"

"ಥ್ಯಾಂಕ್ಸ್ ಅಂದ್ರು."

ಆ ಚಹಾದ ಡಬ್ಬಿ ಒಡೆಯದೆ ಅಡುಗೆಮನೆಯಲ್ಲಿ ಹಾಗೇ ಇದೆ. ನ್ಯಾಯವಾಗಿ ಅದು ಹಿರಾತಾ-ಸಾನ್‌ಗೆ ಸೇರಬೇಕು, ಹಾಡಿದವರು ಅವರು. ಕೊಟ್ಟುಬಿಡೋಣ ಎಂದು ಎರಡು ಸಲ ಚೀಲಕ್ಕೂ ಹಾಕಿಕೊಂಡು ಅವರ ಕಚೇರಿಗೆ ಹೋದೆ. ಆದರೆ ಕೊಡಬೇಕಾದರೆ ಯಾಕೆ ಕೊಡುತ್ತಿದ್ದೇನೆಂದು ಹೇಳಬೇಕು, ಹೇಳಿದರೆ ಅವರು ಮಾಡಿದ್ದು ನನಗೆ ಗೊತ್ತು ಎಂದು ಅವರಿಗೆ ಗೊತ್ತಾಗುತ್ತದೆ, ಐವತ್ತು ವರ್ಷ ಯಾರೂ ಏನೂ ಹೇಳದೆ ನಡೆಸಿಕೊಂಡು ಬಂದದ್ದು ಒಬ್ಬ ಮೈಸೂರಿನವನಿಂದ ಮುರಿದುಬೀಳುತ್ತದೆ. ಎರಡು ಸಲವೂ ಡಬ್ಬಿಯನ್ನು ವಾಪಸು ತಂದೆ. ಎರಡನೆಯ ಸಲ ನಾನು ಹೊರಡುವಾಗ ಹಿರಾತಾ-ಸಾನ್ ನನ್ನನ್ನು ನಿಲ್ಲಿಸಿ, ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು, ಈಗ ಮೊದಲನೆಯ ದನಿಯೂ ಖಾಲಿ ಇದೆಯಲ್ಲ ಪುರಸನ್ನ-ಸಾನ್ ಎಂದರು. ನಾನು "ಹಾಯ್" ಎಂದೆ.